ಚಹಾ ಪಾತ್ರೆಯನ್ನು ಮೂರನೇ ಡ್ರೈಯರ್ ಎಂದು ಪರಿಗಣಿಸುವ ಬಗ್ಗೆ

ನಿಯಂತ್ರಣ ಹಾಗೂ ದತ್ತಾಂಶ ಜೋಡಣಾ ವಿಭಾಗ
ಸಂಖ್ಯೆ: ನಿದಜೋ/ಡ್ರೈ-3/ಚಹಾ/ತಿದ್ದುಪಡಿ-2

ಉಲ್ಲೇಖ: 1) ಕ್ಯಾಂಟೀನ್ ಅಕ್ಕನವರ ಮೌಖಿಕ ಹೇಳಿಕೆ
2) ಸುಟ್ಟ ವಾಸನೆ, ಕಳೆದ ಮಂಗಳವಾರ

ಕಾರ್ಖಾನೆಯ ಯಂತ್ರಗಳನ್ನು ದತ್ತಾಂಶ ಸಂಗ್ರಹ ವ್ಯವಸ್ಥೆಗೆ ಜೋಡಿಸಿದ ಮೇಲೆ, ರಟ್ಟು ಒಣಗಿಸುವ ಮೂರನೇ ಡ್ರೈಯರಿನ ಉಷ್ಣತೆ ಹನ್ನೊಂದು ದಿನ ಒಂದೇ ಸಮನೆ ದಾಖಲಾಗಿ ಮೇಲಧಿಕಾರಿಗಳ ಮೆಚ್ಚುಗೆ ಗಳಿಸಿತ್ತು. ಹತ್ತು ಗಂಟೆಗೂ ಮೂರು ಗಂಟೆಗೂ ಅದು ತುಸು ಇಳಿಯುತ್ತಿದ್ದುದನ್ನು ಯಂತ್ರದ ಶಿಸ್ತೆಂದು ಭಾವಿಸಲಾಗಿತ್ತು.

ಹನ್ನೆರಡನೇ ದಿನ ಕ್ಯಾಂಟೀನಿನಲ್ಲಿ ಪಾತ್ರೆ ಉಜ್ಜುವಾಗ, ಡ್ರೈಯರಿನ ಉಷ್ಣಮಾಪಕ ಕಡ್ಡಿಯು ಚಹಾ ಪಾತ್ರೆಯೊಳಗಿರುವುದು ಕಂಡುಬಂದಿದೆ. ತಂತಿಯು ಕ್ಯಾಂಟೀನಿಗೂ ಡ್ರೈಯರಿಗೂ ನಡುವಿನ ಗೋಡೆಯ ಆಚೆ ಹೋಗುವ ಬದಲು ಈಚೆ ಬಂದಿದೆ. ಅಕ್ಕನವರ ಹೇಳಿಕೆ: “ಇದೇನು ಅಂತ ಕೇಳೋಕೆ ಎರಡು ಸಲ ನಿಮ್ಮ ಬಾಗಿಲಿಗೆ ಬಂದೆ. ಸಾಹೇಬ್ರು ಕಂಪ್ಯೂಟರ್ ಪರದೆ ನೋಡ್ತಿದಾರೆ, ಆಮೇಲೆ ಬಾ ಅಂದ್ರು. ದಿನಾ ಬಿಸಿನೀರಲ್ಲೇ ತೊಳೀತಿದ್ದೆ, ಅವತ್ತು ತಣ್ಣೀರು ಹಾಕಿದೆ.”

ಕಡ್ಡಿಗೆ ತಣ್ಣೀರು ಬಿದ್ದೊಡನೆ, ಡ್ರೈಯರ್ ತಣ್ಣಗಾಯಿತೆಂದು ಬಗೆದ ವ್ಯವಸ್ಥೆಯು ಅದಕ್ಕೆ ಪೂರ್ತಿ ಹಬೆ ಬಿಟ್ಟಿತು. ಡ್ರೈಯರ್ ಚಾಲಕರು (ಅಕ್ಕನವರ ಮೈದುನ) ವಾಸನೆ ಹಿಡಿದು ಓಡಿಬಂದು ಬರಿಗೈಯಲ್ಲಿ ವಾಲ್ವ್ ಮುಚ್ಚಿದರು. ಬೆಂಕಿ ಹತ್ತಲಿಲ್ಲ. ಬಲ ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಆ ಗಳಿಗೆಯಲ್ಲಿ ಡ್ರೈಯರ್ ತಣ್ಣಗಿತ್ತೆಂದು ದಾಖಲೆ ಇರುವುದರಿಂದ, ಬೊಬ್ಬೆಯ ಕಾರಣ ತನಿಖೆಯಲ್ಲಿದೆ.

ಆದುದರಿಂದ ಎಲ್ಲ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ:

1. ವರದಿಗಳು ಈಗಾಗಲೇ ಮೇಲಕ್ಕೆ ಹೋಗಿರುವುದರಿಂದ, ತಂತಿಯನ್ನು ಕದಲಿಸದೆ, ಚಹಾ ಪಾತ್ರೆಯನ್ನೇ ಮೂರನೇ ಡ್ರೈಯರ್ ಎಂದು ಪರಿಗಣಿಸತಕ್ಕದ್ದು.

2. ಮುಂದಿನ ಆದೇಶದವರೆಗೆ ಸದರಿ ಡ್ರೈಯರನ್ನು ತೊಳೆಯತಕ್ಕದ್ದಲ್ಲ.

3. ಚಹಾ ಉಕ್ಕಿದಲ್ಲಿ ಹೆಚ್ಚುವರಿ ಉತ್ಪಾದನೆ ಎಂದು ನಮೂದಿಸುವುದು. ಸಕ್ಕರೆ ಸಾಲದೆಂಬ ದೂರುಗಳನ್ನು ಕಚ್ಚಾ ಸಾಮಗ್ರಿ ಶಾಖೆ ಸ್ವೀಕರಿಸುವುದು.

4. ಮೂಗಿನಿಂದ ಮಾಹಿತಿ ಸಂಗ್ರಹಿಸುವುದು ಅನುಮೋದಿತ ವಿಧಾನವಲ್ಲ. ಆದಾಗ್ಯೂ ಚಾಲಕರ ಮೂಗನ್ನು ವ್ಯವಸ್ಥೆಗೆ ಜೋಡಿಸಲು ಸಾಧ್ಯವೇ ಎಂದು ಪರಿಶೀಲಿಸಲಾಗುತ್ತಿದೆ. ಅಲ್ಲಿಯತನಕ ನೆಗಡಿಯಾಗದಂತೆ ನೋಡಿಕೊಳ್ಳುವುದು ಅವರದೇ ಜವಾಬ್ದಾರಿ.

5. ಕಂಡಿಕೆ 1ನ್ನು ಟೈಪು ಮಾಡುತ್ತಿರುವಾಗಲೇ, ಅಕ್ಕನವರು ಮೈದುನನನ್ನು ಕರೆದುಕೊಂಡು ಹೋಗಿ, ಕಡ್ಡಿಯನ್ನು ಕಿತ್ತು ಡ್ರೈಯರಿಗೆ ಕೂರಿಸಿದ್ದಾರೆ. ಕಾರಣ ಕೇಳಲಾಗಿ, “ಜನ ಕುಡಿಯೋ ಪಾತ್ರೆ ಅದು, ತೊಳೀದೆ ಇರೋಕಾಗಲ್ಲ. ಇವನಿಗೆ ಇರೋದು ಇನ್ನೊಂದೇ ಕೈ” ಎಂದು ತಿಳಿಸಿರುತ್ತಾರೆ.

6. ಆಗಿನಿಂದ ಡ್ರೈಯರಿನ ನಿಜವಾದ ಉಷ್ಣತೆ ಪರದೆಗೆ ಬರುತ್ತಿದ್ದು, ಅದು ಹಿಂದಿನ ಯಾವ ವರದಿಗೂ ತಾಳೆಯಾಗುತ್ತಿಲ್ಲ. ಈ ಬಗ್ಗೆ ಡ್ರೈಯರಿಗೆ ಕಾರಣ ಕೇಳಿ ನೋಟಿಸ್ ಜಾರಿ ಮಾಡಲಾಗಿದೆ.

ಸಹಿ/-
ಜೋಡಣಾಧಿಕಾರಿ
(ಪರದೆಯ ಮುಂದಿನಿಂದ)

ಪ್ರತಿಗಳು:
1. ಕ್ಯಾಂಟೀನ್ ಅಕ್ಕನವರಿಗೆ, ಚಹಾದೊಂದಿಗೆ ಉತ್ತರಿಸಲು
2. ಮೂರನೇ ಡ್ರೈಯರ್ (ಪ್ರಭಾರ), ಕ್ಯಾಂಟೀನ್
3. ಮೂರನೇ ಡ್ರೈಯರ್ (ಖಾಯಂ)
4. ಡ್ರೈಯರ್ ಚಾಲಕರಿಗೆ, ಸ್ವೀಕೃತಿಗೆ ಎಡಗೈಯಲ್ಲಿ ಸಹಿ ಮಾಡಬಹುದು