ನೀಲಿ ಕೂದಲಿನ ವರ, ಮೇಲಿನ ಕೋಣೆಯ ಕೀಲಿ

ಪಣಕ್ಕೆ ಬಿದ್ದದ್ದು ನನ್ನ ಅಂಗಡಿಯ ಮೇಲಿನ ಕೋಣೆ. ಸೊಲ್ಲಾಪುರದ ಪೇಟೆಯೊಳಗೆ, ರಸ್ತೆ ಕಡೆ ಕಿಟಕಿ ಇರುವ, ಮಳೆಗಾಲದಲ್ಲಿ ಸೋರದ ಕೋಣೆ. ಬಾಡಿಗೆಗೆ ಕೇಳಿದವರು ಬಹಳ ಮಂದಿ. ಯಾರಿಗೂ ಕೊಡದೆ ಚಾದರದ ಗಂಟು ಒಟ್ಟಿದ್ದೇನೆ. ಅದನ್ನು ಒಂದು ವರ್ಷ ಪುಕ್ಕಟೆ ಕೊಡಿರೆಂದು ಕೇಳಿದವಳು ಅಕ್ಕಲಕೋಟದ ನನ್ನ ಅಕ್ಕನ ಮಗಳು.

ಮದುವೆ ಜವಳಿಯ ವ್ಯಾಪಾರ ಮಾಡುವವನಿಗೆ ಪ್ರೀತಿಯ ಪ್ರಕರಣಗಳು ಹೊಸದಲ್ಲ. ಸೀಝನ್ನಿನಲ್ಲಿ ದಿನಾ ಬರುತ್ತವೆ. ಎರಡೂ ಕಡೆಯ ಬೀಗರು ಬಸ್ತಾಕ್ಕೆಂದು, ಅಂದರೆ ಮದುವೆ ಬಟ್ಟೆಯ ಖರೀದಿಗೆಂದು ಬಂದು ಗಾದಿಯ ಮೇಲೆ ಕೂಡುತ್ತಾರೆ, ನನ್ನ ಚಹಾ ಕುಡಿಯುತ್ತಾರೆ, ಜಗಳಾಡುತ್ತಾರೆ, ಮದುವೆಯ ಸೀರೆ ಶಾಲು ಕಟ್ಟಿಸಿಕೊಂಡು ಹೋಗುತ್ತಾರೆ. ಆದರೆ ಪ್ರೀತಿ ಮೊಬೈಲಿನೊಳಗೆ ಕೂತು ಬಂದು ನನ್ನ ಕೋಣೆ ಕೇಳಿದ್ದು ಅದೇ ಮೊದಲು.

"ಏನ್ ಮಾಡ್ತಿ ಕೋಣಿ ತಗೊಂಡು?" ಎಂದೆ.

"ಆಟ ಮಾಡ್ತೀನ್ರಿ ಮಾಮಾ. ನಾನು, ನನ್ನ ಗೆಳತಿ ಕೂಡಿ. ಪ್ರೀತಿ ಕಥಿ ಆಟ."

"ಆಟ ಅಂದ ಮ್ಯಾಲ ಒಬ್ರು ಗೆಲ್ಲಬೇಕು, ಒಬ್ರು ಸೋಲಬೇಕು. ಇದರಾಗ ಯಾರು ಗೆಲ್ತಾರ?"

"ಯಾರೂ ಗೆಲ್ಲೂದಿಲ್ರಿ. ಚಿತ್ರ ಇರ್ತಾವ, ಕೆಳಗ ಮಾತು ಬರ್ತಾವ. ಬೆರಳಿಲೆ ಒತ್ತಿದ್ರ ಕಥಿ ಮುಂದ ಹೋಗ್ತದ. ನಡುನಡುವ ಹುಡುಗಿ ಏನ್ ಮಾಡಬೇಕಂತ ನೀವ ಆರಿಸಬೇಕು. ಇಪ್ಪತ್ತು ನಿಮಿಷದಾಗ ಲಗ್ನ ಆಗಿ ಮುಗೀತದ."

ಇಪ್ಪತ್ತು ನಿಮಿಷದಲ್ಲಿ ನನ್ನ ಗಾದಿಯ ಮೇಲೆ ಒಂದು ಬ್ಲೌಸ್ ಪೀಸಿನ ಬಣ್ಣಕ್ಕೆ ಒಪ್ಪಿಗೆ ಸಿಕ್ಕುವುದಿಲ್ಲ.

ನನಗೂ ಸೀಝನ್ನಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್ ಜೊತೆ ಇನ್ನೊಬ್ಬರು ಬೇಕಾಗಿದ್ದರು. ಕನ್ನಡ, ಮರಾಠಿ, ಹಿಂದಿ ಮೂರೂ ಬರುವವರು, ಅದರ ಮೇಲೆ ಪಗಾರ ಕೇಳದವರು. ಹೇಳಿದೆ: "ಸೀಝನ್ ಮುಗಿಯೂತನಕ ನನ್ನ ಅಂಗಡ್ಯಾಗ ಸೀರಿ ಬಿಚ್ಚು, ಮಡಚು. ಗಾದಿ ಮ್ಯಾಲ ಕೂತವರಿಗೆ ನಿನ್ನ ಕಥಿ ತೋರ್ಸು. ಅವರೊಳಗ ಯಾರರ ಒಬ್ರು 'ಮುಂದ ಏನಾತು?' ಅಂತ ಕೇಳಿದ್ರ ಕೀಲಿ ನಿಂದು. ಯಾರೂ ಕೇಳಲಿಲ್ಲಂದ್ರ ಮುಂದಿನ ಸೀಝನ್ನಿಗೂ ನೀನ ಬರಬೇಕು."

"ಆತ್ರಿ ಮಾಮಾ," ಎಂದಳು. ಒಂದು ಮಾತಿನ ಚೌಕಾಸಿಯೂ ಇಲ್ಲ. ಈ ಹುಡುಗಿಗೆ ಕಥೆ ಕಟ್ಟಲು ಬರುವುದಿಲ್ಲ ಎಂಬುದು ನನಗೆ ಅಲ್ಲೇ ಖಾತ್ರಿಯಾಯಿತು.

೧. ಕುಟುಂಬ ಸಮೇತ ಅಪಘಾತ

ಮೊದಲ ಗಿರಾಕಿ ನಾನೇ ಆದೆ. ಮಾಲು ನೋಡದೆ ಗಿರಾಕಿಗೆ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ.

ಆಟದ ಹೆಸರು ಇಂಗ್ಲಿಷಿನಲ್ಲಿತ್ತು. ಅರ್ಥ ಕೇಳಿದರೆ ಹೇಳಲು ಅವಳಿಗೇ ನಾಚಿಕೆ. ಕಥೆ ಸೊಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಶುರು. ಒಬ್ಬ ಹುಡುಗ ಓಡಿ ಬಂದು ಹುಡುಗಿಗೆ ಢಿಕ್ಕಿ ಹೊಡೆಯುತ್ತಾನೆ. ಪುಸ್ತಕ ಕೆಳಗೆ ಬೀಳುತ್ತವೆ. ಇಬ್ಬರೂ ಬಗ್ಗುತ್ತಾರೆ, ಕೈಗೆ ಕೈ ತಾಗುತ್ತದೆ, ಮೇಲಿನಿಂದ ಗುಲಾಬಿ ಬಣ್ಣದ ಹೂವು ಉದುರುತ್ತವೆ. ಹುಡುಗನ ಕೂದಲು ನೀಲಿ.

"ನಮ್ಮ ಸ್ಟ್ಯಾಂಡಿನ್ಯಾಗ ಹೂವು ಎಲ್ಲಿಂದ ಉದುರ್ತಾವ? ಅಲ್ಲಿ ಮ್ಯಾಲಿಂದ ಬೀಳೂದು ಪಾರಿವಾಳದ್ದು."

"ಹೂವಿನ ಚಿತ್ರ ನೆಟ್ಟಿನ್ಯಾಗ ಪುಕ್ಕಟ ಸಿಕ್ಕಿತ್ರಿ ಮಾಮಾ."

ಪುಕ್ಕಟೆ ಎಂದ ಮೇಲೆ ನಾನು ಎದುರಾಡಲಿಲ್ಲ. ಮೂರು ಸಲ ಒತ್ತುವಷ್ಟರಲ್ಲಿ ಆ ಹುಡುಗ, 'ನೀನಿಲ್ಲದೆ ನಾನು ಬದುಕಲಾರೆ' ಎಂದ. ಅವನಿಗೆ ಹುಡುಗಿಯ ಹೆಸರು ಇನ್ನೂ ಗೊತ್ತಿಲ್ಲ.

"ಇಂವ ಯಾವ ಊರಾಂವ?" ಎಂದೆ.

"ಬರದಿಲ್ರಿ."

"ಏನ್ ಮಾಡ್ತಾನ? ನೌಕರಿ, ಹೊಲ, ಅಂಗಡಿ?"

"ಅದೂ ಬರದಿಲ್ಲ."

"ಮನ್ಯಾಗ ಯಾರ್ಯಾರು ಇದ್ದಾರ?"

"ಯಾರೂ ಇಲ್ರಿ. ಅವ್ವ, ಅಪ್ಪ, ಕಾಕಾ, ಅಜ್ಜಿ ಎಲ್ಲಾರೂ ಒಂದ ಅಪಘಾತದಾಗ ತೀರಿಹೋಗ್ಯಾರ."

"ಅಯ್ಯ ಪಾಪ, ಯಾಕ?"

"ಬದುಕಿದ್ರ ಅವರ ಚಿತ್ರ ತೆಗೀಬೇಕಲ್ರಿ. ಚಿತ್ರ ತೆಗೆಯಾಕಿ ನನ್ನ ಗೆಳತಿ ಒಬ್ಬಾಕಿನ. ಅಕಿಗೆ ಕೈ ನೋವು."

ಕೈ ನೋವಿಗೆ ನಮ್ಮ ಮಂದಿ ಎಣ್ಣೆ ತಿಕ್ಕುತ್ತಾರೆ. ಇವರು ಒಂದು ವಂಶವನ್ನೇ ಮುಗಿಸಿದ್ದರು.

೨. ಪೊಲೀಸರು ಬರಲೇ ಇಲ್ಲ

ನಮಗೆ ಟವೆಲ್ ಪೂರೈಸುವ ಪವರ್‌ಲೂಮ್ ಮಾಲೀಕರು ಹೊಸ ಸ್ಯಾಂಪಲ್ ತೋರಿಸಲು ಬಂದಿದ್ದರು. ಮಾತು ಕಡಿಮೆ, ಸಂಶಯ ಜಾಸ್ತಿ. ನಾನು ಸ್ಯಾಂಪಲ್ ನೋಡುವತನಕ ಹುಡುಗಿ ಅವರ ಕೈಗೆ ಮೊಬೈಲ್ ಕೊಟ್ಟಳು.

ಇಲ್ಲಿ ಒಂದು ವಿಷಯ ಹೇಳಬೇಕು. ಗೆಳತಿಯ ಕೈ ನೋವಿನ ಪರಿಣಾಮವಾಗಿ ಆ ನೀಲಿ ಕೂದಲಿನವನಿಗೆ ಇದ್ದದ್ದು ಒಂದೇ ಮುಖ. ನಗುವ ಮುಖ. ಹೂವು ಉದುರಿದರೂ ನಗು, ಮನೆಮಂದಿಯ ಸಾವಿನ ಸುದ್ದಿ ಹೇಳುವಾಗಲೂ ಅದೇ ನಗು. ನಡುವೆ ಹುಡುಗಿಗೆ ಏನೋ ದೊಡ್ಡ ರೋಗ ಬರುತ್ತದೆ. ಯಾವ ರೋಗ ಎಂಬುದನ್ನು ಬರೆದಿರಲಿಲ್ಲ. ಡಾಕ್ಟರು ಕೈಚೆಲ್ಲುತ್ತಾರೆ. ಹಾಸಿಗೆಯ ಪಕ್ಕ ನಿಂತು ಇವನು ಹಲ್ಲು ಬಿಡುತ್ತಾನೆ.

ಮಾಲೀಕರು ಕನ್ನಡಕ ಸರಿ ಮಾಡಿಕೊಂಡರು. "ಸಾವ್ಕಾರ್ರ, ಈ ಹುಡುಗಿ ಹೆಸರಲೆ ಇನ್ಶೂರನ್ಸ್ ಅದ ಏನ್ರಿ?"

"ಯಾಕ್ರಿ?"

"ಇಂವಗ ಭಾಳ ಖುಷಿ ಆಗೇದ. ಮದ್ಲ ಮನ್ಯಾನವರನ್ನೆಲ್ಲಾ ಮುಗಿಸ್ಯಾನ, ಈಗ ಇಕಿ ಪಾಳಿ."

ಆಮೇಲೆ ಅವರು ಚಹಾ ಆರಿದ್ದನ್ನೂ ನೋಡದೆ ಒತ್ತಿದರು. ಕೋಣೆ ಹೋಯಿತು ಎಂದುಕೊಂಡೆ. ಹುಡುಗಿ ಸೀರೆ ಮಡಚುವುದನ್ನು ಬಿಟ್ಟು ಅವರ ಬಾಯಿಯನ್ನೇ ನೋಡುತ್ತಿದ್ದಳು. ಕೊನೆಗೆ ರೋಗ ತಾನಾಗಿ ವಾಸಿಯಾಗಿ, ಇಬ್ಬರ ಮದುವೆಯಾಗಿ, 'ಶುಭಂ' ಬಂತು. ಮಾಲೀಕರು ಮೊಬೈಲ್ ಕೆಳಗಿಟ್ಟು ಸಿಟ್ಟಿನಿಂದ ಎದ್ದರು.

"ಏನ್ ಕಾಲ ಬಂತ್ರಿ! ಪೊಲೀಸರು ಬರಲೇ ಇಲ್ಲಲ್ರಿ!"

"ಮಾಮಾ, ಪೂರಾ ಓದಿದ್ರಲ್ರಿ ಅವರು!" ಎಂದಳು ಹುಡುಗಿ.

"ಓದಿದ್ರು. ಆದ್ರ ಅವರು ಕೇಳಿದ್ದು 'ಮುಂದ ಏನಾತು' ಅಂತ ಅಲ್ಲ. 'ಪೊಲೀಸರು ಯಾಕ ಬರಲಿಲ್ಲ' ಅಂತ."

ಸಂಜೆಯೊಳಗೆ ಮಗ್ಗದವರೆಲ್ಲರಿಗೂ ಸುದ್ದಿ ಮುಟ್ಟಿತ್ತು. ಸಾವ್ಕಾರ್ರ ಸೋದರ ಸೊಸೆ ಕೊಲೆಗಡುಕನ ಆಟ ಮಾಡಿದ್ದಾಳೆ, ಚಲೋ ಅದ, ಆದರೆ ತನಿಖೆ ಭಾಳ ಸಡಿಲ.

೩. ನಾಲ್ಕನೆಯ ಆಯ್ಕೆ

ಹನ್ನೂರಿನಿಂದ ಒಂದು ಒಕ್ಕಲುತನದ ಮನೆಯವರು ಮಗಳ ಬಸ್ತಾಕ್ಕೆ ಬಂದಿದ್ದರು. ಗಂಡಸರು ನನ್ನೊಡನೆ ದರಕ್ಕೆ ಹಗ್ಗ ಜಗ್ಗುತ್ತಿದ್ದರು. ಮನೆಯ ಹಿರಿಯ ಹೆಣ್ಣುಮಗಳು, ಮದುಮಗಳ ತಾಯಿ, ಗೋಡೆಗೆ ಆತು ಕೂತಿದ್ದಳು. ಓದಲು ಬಾರದು ಎಂದಳು. ಅಕ್ಕನ ಮಗಳು ತಾನೇ ಓದಿ ಹೇಳತೊಡಗಿದಳು.

"ಅವ್ವಾ, ಈಗ ಆ ಹುಡುಗ ಬಂದು ಕೈ ಹಿಡದಾನ. ಹುಡುಗಿ ಏನ್ ಮಾಡಬೇಕು? ನಕ್ಕು ನೋಡಬೇಕು, ನಾಚಿ ನೋಡಬೇಕು, ಇಲ್ಲಾ ಸುಮ್ಮನ ನೋಡಬೇಕು?"

"ಚಪ್ಪಲಿ ತೋರ್ಸೂದು ಇಲ್ಲೇನು?"

"ಇಲ್ರಿ."

"ಯಾಕ? ಬರಿಗಾಲಲೆ ಬಂದಾಳೇನು ಅಕಿ?"

ಹುಡುಗಿ ಮತ್ತೆ ಅವೇ ಮೂರನ್ನು ಓದಿದಳು. ತಾಯಿ ಮನಸ್ಸಿಲ್ಲದ ಮನಸ್ಸಿನಿಂದ, "ನಾಚಿ ನೋಡ್ಲಿ," ಎಂದಳು. ಆಗ ಆ ಹುಡುಗ, 'ನಿನ್ನ ಕಣ್ಣುಗಳೇ ಎಲ್ಲವನ್ನೂ ಹೇಳಿದವು' ಎಂದ. "ನಕ್ಕಿದ್ರ ಏನಂತಿದ್ದ?" ಹಿಂದೆ ಹೋಗಿ ನಗಿಸಿದರು. ಅದೇ ಮಾತು. ಸುಮ್ಮನೆ ನೋಡಿಸಿದರು. ಮತ್ತೂ ಅದೇ ಮಾತು.

"ಎಲ್ಲಾಕೂ ಅದ ಉತ್ತರ ಅಂದ್ರ ನನ್ನನ್ಯಾಕ ಕೇಳ್ತಿ ಮಗಳ? ನಮ್ಮ ಮನ್ಯಾಗ ಗಂಡಸರು ಹಿಂಗ ಕೇಳ್ತಾರ."

ಅವರು ಬ್ಲೌಸ್ ಪೀಸ್ ನೋಡಲು ಆ ಕಡೆ ಹೊರಳಿದಾಗ ನಾನು ಹುಡುಗಿಯನ್ನು ಹತ್ತಿರ ಕರೆದೆ. ವ್ಯಾಪಾರದ ಮರ್ಮ ಯಾರಿಗೂ ಹೇಳುವವನಲ್ಲ. ಅವತ್ತು ಕನಿಕರಕ್ಕೆ ಬಿದ್ದು ಹೇಳಿದೆ. "ಆಯ್ಕೆ ಸುಳ್ಳ ಇರಲಿ, ತಪ್ಪಿಲ್ಲ. ನಾನೂ ದಿನಾ ಅದನ್ನ ಮಾಡ್ತೀನಿ. ಮದ್ಲನೇ ಸೀರಿ ಕಣ್ಣಿಗೆ ಹೊಡೀಬೇಕು. ಎರಡನೇದು ರೊಕ್ಕದ ಚೀಲಕ್ಕ ಭಾರ ಆಗಬೇಕು. ಮೂರನೇದು ನಾ ಮಾರಬೇಕಂತ ಮುಂಜಾನೆ ಠರಾಯಿಸಿದ್ದು. ಅದನ್ನ ಅವರ ಕೈಲೇ ಎತ್ತಿಸಬೇಕು. ಮನಿಗೆ ಹೋಗಿ 'ನಾನ ಆರಿಸಿದೆ' ಅನ್ನಬೇಕು ಅವರು. ನೋಡು ಈಗ."

ಮೂರು ಸೀರೆ ಹರವಿದೆ. ಕಣ್ಣು ಕುಕ್ಕುವ ಗಿಳಿಹಸಿರು, ದರ ಕೇಳಿದರೆ ನೀರು ಕುಡಿಯಬೇಕಾದ ಪೈಠಣಿ, ಮತ್ತು ನನ್ನ ಮೂರನೆಯದು. ಆ ತಾಯಿ ಮೂರನ್ನೂ ನೋಡಿ, ಗಿಳಿಹಸಿರನ್ನು ಎಳೆದುಕೊಂಡಳು.

"ಅಕ್ಕಾ, ಮೂರನೇದು ನೋಡ್ರಿ, ಎಷ್ಟು ಚಂದ..."

"ನಿಮ್ಮ ಮೂರನೇದು ನನಗ ಗೊತ್ತದ ಅಣ್ಣಾ. ದೊಡ್ಡ ಮಗಳ ಲಗ್ನದಾಗ ಅದನ್ನ ಒಯ್ದೀನಿ."

೪. ಚಹಾದ ಮಹಿಮೆ

ನನ್ನ ಹೆಂಡತಿ ಅಂಗಡಿಗೆ ಬಂದರೆ ಅದು ಖರ್ಚಿನ ದಿನ. ಅಂದು ಎರಡು ಸೀರೆ ತೆಗೆದಿಟ್ಟು, ದಣಿದು ಕೂತಿದ್ದಳು. ಹುಡುಗಿ, "ಮಾಮಿ, ನೀವರ ಕೇಳ್ರಿ 'ಮುಂದ ಏನಾತು' ಅಂತ," ಎಂದು ಅಂಗಲಾಚಿ ಮೊಬೈಲ್ ಕೊಟ್ಟಳು. ಮನೆಯವರ ಸಾಕ್ಷಿ ನಡೆಯುವುದಿಲ್ಲ ಎಂದು ನಾನು ಮೊದಲೇ ಹೇಳಿರಲಿಲ್ಲ. ಅದು ನನ್ನ ಚೂಕು.

ಹಳೆಯ ಆಟಕ್ಕೆ ರಿಪೇರಿ ಆಗಿತ್ತು. ರೋಗ ತೆಗೆದುಹಾಕಿದ್ದರು. ಅದರ ಬದಲು ನೀಲಿ ಕೂದಲಿನವನು ಜಾರಿ ಬಿದ್ದು ನೆನಪು ಕಳೆದುಕೊಳ್ಳುತ್ತಾನೆ. ಹುಡುಗಿಯ ಗುರುತೇ ಇಲ್ಲ. ಅವಳು ಅಳುತ್ತ ಒಂದು ಕಪ್ ಚಹಾ ಮಾಡಿ ಕೊಡುತ್ತಾಳೆ. ಒಂದು ಗುಟುಕಿಗೆ ಅವನಿಗೆ ಎಲ್ಲಾ ನೆನಪಾಗುತ್ತದೆ: ಅವಳ ಹೆಸರು, ಹೂವು, ಅವಳ ಹುಟ್ಟಿದ ದಿನ ಕೂಡ.

ಹೆಂಡತಿ ಅಲ್ಲಿಗೇ ನಿಲ್ಲಿಸಿದಳು. ನನಗೆ ಅನುಮಾನ ಬಂತು. ಈಗ ಕೇಳುತ್ತಾಳೆ, ಕೋಣೆ ಕಳೆಯುತ್ತಾಳೆ.

ಮೊಬೈಲ್ ತಿರುಗಿ ಕೊಡುತ್ತ ಅವಳೆಂದಳು: "ಸುಳ್ಳ. ಲಗ್ನ ಆದಾಗಿಂದ ನಿಮ್ಮ ಮಾಮಾಗ ದಿನಾ ಎರಡು ಹೊತ್ತು ಚಹಾ ಕೊಟ್ಟೀನಿ. ನನ್ನ ಹುಟ್ಟಿದ ದಿನ ಇನ್ನೂ ನೆನಪಿಗೆ ಬಂದಿಲ್ಲ."

ಕೋಣೆ ಉಳಿಯಿತು. ಎರಡು ಸೀರೆ ಹೋದವು.

೫. ಗಾದಿಯ ಮೇಲಿನ ಜಗಳ

ಸೀಝನ್ನಿನ ಕೊನೆ. ಹುಡುಗಿ ಮೊಬೈಲ್ ತೋರಿಸುವುದನ್ನೇ ಬಿಟ್ಟಿದ್ದಳು. ಗೆದ್ದೆ ಎಂದುಕೊಂಡು ಒಂದು ದಿನ ಕಂದಲಗಾಂವಿಗೆ ಬೀಗರ ಮನೆಗೆ ಊಟಕ್ಕೆ ಹೋದೆ. ಸಂಜೆ ತಿರುಗಿ ಬಂದರೆ ಗಾದಿ ತುಂಬ ಬಿಚ್ಚಿದ ಸೀರೆಗಳ ರಾಶಿ. ನನ್ನ ಹಳೆಯ ಸೇಲ್ಸ್‌ಮನ್ ಬಾಯಿ ತೆರೆದು ಕೂತಿದ್ದಾನೆ. ಹುಡುಗಿ ಮಡಚುತ್ತಿದ್ದಾಳೆ.

"ಏನಿದು?" ಎಂದೆ, ಗಾದಿಯ ಮೇಲೆ ಕೂಡುತ್ತ.

"ಭಾರಿ ಬಸ್ತಾರಿ ಮಾಮಾ. ಜಾಂಬಳಿ ಬಣ್ಣದ ಸೀರಿಗೆ ಮದಿಮಗಳು ಕೈ ಹಾಕಿದಳು. ಅದಕ್ಕ ವರನ ಸೋದರತ್ತಿನೂ ಕೈ ಹಾಕಿದಳು. ಇಕಿ ಬಿಡವಲ್ಲಳು, ಅಕಿ ಬಿಡವಲ್ಲಳು."

ಇಂಥದ್ದು ನಮ್ಮಲ್ಲಿ ಸಾಮಾನ್ಯ. ನಾನು ಚಹಾ ಹೇಳಿದೆ.

"ವರ ಹೊರಗ ಗಾಡಿ ಮ್ಯಾಲ ಕೂತಿದ್ದ. ಒಳಗ ಬಂದ. ಮದಿಮಗಳ ಕಡೆ ನೋಡ್ಲಿಲ್ಲ. 'ಅತ್ತಿ, ಆ ಸೀರಿಗೆ ತೂತದ' ಅಂದ."

"ನನ್ನ ಅಂಗಡ್ಯಾಗ ತೂತಿನ ಸೀರಿ?"

"ಇಲ್ರಿ ಮಾಮಾ, ತೂತ ಇಲ್ಲ! ಅತ್ತಿ ಕೈ ಬಿಡಲಂತ ಅಂವ ಹೇಳಿದ ಸುಳ್ಳು. ಅತ್ತಿ ಚಾಳೀಸು ಹಾಕ್ಕೊಂಡು ಹುಡುಕಿದಳು. ಮಾವ ಹುಡುಕಿದ. ಬೀಗರೆಲ್ಲಾ ಸೀರಿ ಬೆಳಕಿಗೆ ಹಿಡದ್ರು. ಅದು ತನ್ನ ಸಲುವಾಗಿ ಹೇಳಿದ ಸುಳ್ಳಂತ ಮದಿಮಗಳಿಗೆ ಒಬ್ಬಾಕಿಗೇ ತಿಳೀತು. ಅಕಿ ಆಗ ಪಹಿಲಾ ಸಲ ಅವನ ಮಾರಿ ನೋಡಿದಳು."

ಸೇಲ್ಸ್‌ಮನ್ ಇನ್ನಷ್ಟು ಹತ್ತಿರ ಸರಿದು ಕೂತ.

"ಆದ್ರ ಅತ್ತಿ ಹುಶಾರಿ. 'ತೂತಿನ ಸೀರಿ ನಮ್ಮ ಸೊಸಿಗೂ ಬ್ಯಾಡ, ಶುಭ ಅಲ್ಲ. ನಾಳೆ ನಾನ ಮನ್ಯಾಗ ಉಟ್ಟು ಹರೀತೀನಿ, ನನಗ ಕಟ್ರಿ' ಅಂದಳು. ಈಗ ವರ ಸಿಕ್ಕೊಂಡ. ಖರೇ ಹೇಳಿದ್ರ ಸುಳ್ಳುಗಾರ, ಸುಮ್ಮನಿದ್ದರ ಸೀರಿ ಹೋತು. ಎಲ್ಲಾರೂ ಮದಿಮಗಳ ಕಡೆ ನೋಡಿದ್ರು. ಅಕಿ ಎದ್ದು ನಿಂತಳು. ಬಾಯಿ ತೆರದಳು..."

ಹುಡುಗಿ ಒಂದು ಸೀರೆ ಎತ್ತಿ, ಅಂಚಿಗೆ ಅಂಚು ಕೂಡಿಸಿ, ನಿಧಾನಕ್ಕೆ ಮಡಚತೊಡಗಿದಳು. ಚಹಾ ಬಂತು. ನಾನು ಮುಟ್ಟಲಿಲ್ಲ.

"ಮುಂದ ಏನಾತು?" ಎಂದೆ.

ಹುಡುಗಿ ಸೀರೆ ಕೆಳಗಿಟ್ಟು ಕೈ ಚಾಚಿದಳು. "ಕೀಲಿ ಕೊಡ್ರಿ ಮಾಮಾ."

"ಯಾವ ಕೀಲಿ? ಬಸ್ತಾದ ಸುದ್ದಿಗೂ ಕೋಣಿಗೂ ಏನ್ ಸಂಬಂಧ? ಆ ಬೀಗರು ಯಾವ ಊರವರು?"

ಸೇಲ್ಸ್‌ಮನ್ ನೆಲ ನೋಡುತ್ತ ಹೇಳಿದ: "ಸಾವ್ಕಾರ್ರ, ಇವತ್ತು ಒಬ್ಬ ಗಿರಾಕಿನೂ ಬಂದಿಲ್ರಿ. ಸೀರಿ ಎಲ್ಲಾ ಇಕಿನ ಬಿಚ್ಚ್ಯಾಳ. ನನಗೂ ಸುಳ್ಳಂತ ಗೊತ್ತದ. ಖರೆ, ಆ ಅತ್ತಿ ಸೀರಿ ಬಿಟ್ಟಳೇನ್ರಿ?"

ಹುಡುಗಿ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಹೊಸ ಆಟ. ಹೂವಿಲ್ಲ, ನೀಲಿ ಕೂದಲಿಲ್ಲ. ನನ್ನದೇ ಅಂಗಡಿ, ನನ್ನದೇ ಗಾದಿ, ಕೈ ಎಳೆಯುವ ಅತ್ತೆ. ಮೂಲೆಯಲ್ಲಿ ಗಲ್ಲಾದ ಹಿಂದೆ ಒಬ್ಬ ದಪ್ಪನೆಯ ಸಾವ್ಕಾರ, ಗಂಟು ಹಾಕಿದ ಮುಖ.

"ನಿಮಗ ಒಂದ ಮುಖ ತೆಗದೀವ್ರಿ ಮಾಮಾ. ಎರಡನೇದು ನಾವು ಎಂದೂ ನೋಡಿಲ್ಲ."

ಕೆಳಗೆ, ಮದುಮಗಳು ಏನು ಮಾಡಬೇಕೆಂದು ಮೂರು ಆಯ್ಕೆ ಇದ್ದವು. ಒಂದು: ಎಲ್ಲರ ಮುಂದೆ ಜೋರಾಗಿ ಅಳು. ಎರಡು: ಲಗ್ನ ಮುರಿದು ಮನೆಗೆ ಹೋಗು. ಮೂರು: ನಗುತ್ತ ಅತ್ತೆಯ ಕೈ ಹಿಡಿದು, 'ತೂತು ಎಲ್ಲಿ ಅದ ಅಂತ ನಾ ತೋರಸ್ತೀನಿ ಬರ್ರಿ' ಅನ್ನು.

ನಾನು ಮೂರನೆಯದನ್ನು ಒತ್ತಿದೆ. ಪರದೆಯ ಮೇಲೆ ಅಕ್ಷರ ಮೂಡಿದವು: 'ಮುಂದಿನ ಭಾಗ, ಕೋಣೆ ಸಿಕ್ಕ ಮೇಲೆ.'

ಮೊದಲನೆಯದು ಕಣ್ಣಿಗೆ ಹೊಡೆಯಬೇಕು, ಎರಡನೆಯದು ಚೀಲಕ್ಕೆ ಭಾರ ಆಗಬೇಕು ಎಂದು ಅವಳಿಗೆ ಹೇಳಿದ್ದು ಯಾರು ಎಂಬುದು ಕೀಲಿ ಕೊಟ್ಟ ಮೇಲೆ ನೆನಪಾಯಿತು. ಚಹಾ ಕುಡಿದೇ ನೆನಪಾಯಿತು, ಆ ಮಾತು ಬೇರೆ.

ಸೀಝನ್ನಿನ ಜಮಾ ಇಷ್ಟು. ಅಕ್ಕನ ಮಗಳಿಗೆ ಕೋಣೆ. ಮಗ್ಗದವರಿಗೆ ಸಿಕ್ಕದೇ ಉಳಿದ ಒಬ್ಬ ಕೊಲೆಗಾರ. ಹೆಂಡತಿಗೆ ಎರಡು ಸೀರೆ. ಹನ್ನೂರಿನ ತಾಯಿಗೆ ಗಿಳಿಹಸಿರು. ನನಗೆ, ಮೂರನೆಯದು.