ಭೀಮರಾಯನ ಗುಟ್ಟಿನ ನಂಬರು

ಪಂಚಾಯತಿ ಕರವಸೂಲಿಗಾರ ಭೀಮರಾಯ ಫೋನಿನಲ್ಲಿ ಹಣ ಕಟ್ಟುವ ತನ್ನ ಪಿನ್ ಬದಲಿಸದೆ ಇದ್ದಿದ್ದರೆ ಮಾನ ಉಳಿಯುತ್ತಿತ್ತು. ಹಳೆಯ ಪಿನ್ ಒಂದು, ಎರಡು, ಮೂರು, ನಾಲ್ಕು. ಅಂಗಡಿಗಳಲ್ಲಿ ಬಾಯಿಬಿಟ್ಟು ಹೇಳಿಕೊಂಡೇ ಒತ್ತುತ್ತಿದ್ದುದರಿಂದ ಅದು ಊರಿನ ಕೂಸಿಗೂ ಬಾಯಿಪಾಠ. "ನೀರಿನ ಕರ ಫೋನಿನಾಗ ಕಟ್ರಿ, ನೋಟಿನ ಕಾಲ ಮುಗೀತು" ಎಂದು ಮನೆಮನೆಗೆ ಉಪದೇಶ ಮಾಡುವ ತನಗೆ ಇದು ಭೂಷಣವಲ್ಲ ಅನ್ನಿಸಿ ನಿನ್ನೆ ಹೊಸ ಪಿನ್ ಇಟ್ಟ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಇವತ್ತು ಕೆಂಭಾವಿ ಸಂತೆ. ನಾಳೆ ನಡೆಯುವ ತನ್ನ ಬಸುರಿ ತಂಗಿಯ ಕುಬುಸಕ್ಕೆಂದು ಹೆಂಡತಿ ಪರಿಮಳಾ ಹಸಿರು ಸೀರೆ ಆರಿಸಿದಳು. ಭೀಮರಾಯನ ಜೇಬಿನಲ್ಲಿ ಒಂದೂ ನೋಟಿಲ್ಲ, ಉಪದೇಶಕನಲ್ಲವೇ! ಠೀವಿಯಿಂದ ಫೋನು ತೆಗೆದ. ಕೈ ರೂಢಿಯಂತೆ ಹಳೆಯದನ್ನೇ ಒತ್ತಿತು. ತಪ್ಪು. ಗಾಬರಿಯಲ್ಲಿ ತೋಚಿದ್ದೊಂದು ಒತ್ತಿದ. ಅದೂ ತಪ್ಪು.

"ಇನ್ನೊಮ್ಮಿ ತಪ್ಪಿದ್ರ ನಾಳಿತನಕ ಬಂದ್ ನೋಡ್ರಿ," ಎಂದ ಅಂಗಡಿಯ ನಯೀಮ.

"ಏನಂತ ಇಟ್ಟಿದ್ದಿ, ನೆನಪ ಮಾಡ್ಕೋ ಅಣ್ಣಾ," ಎಂದಳು ಜೊತೆಗೆ ಬಂದಿದ್ದ ಪಕ್ಕದ ಮನೆಯ ಅನ್ವರಬಿ.

"ನಾ ಭಾಳ ಖುಷಿ ಪಟ್ಟ ದಿನದ ತಾರೀಖ ಇಟ್ಟೀನಿ. ಯಾವ ದಿನ ಅಂತ ಹೊಳೀವಲ್ದು."

"ಅಯ್ಯ, ಅದಕ್ಯಾಕ ಇಷ್ಟ ತಲಿ ಕೆಡಿಸ್ಕೋತಿ? ಮದಿವಿ ದಿನಾನ ಇರ್ಬೇಕು!"

ಸೀರೆ ನೋಡುತ್ತಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಪರಿಮಳಾಳ ಮುಖ ಕೆಂಪೇರಿತು. ಹದಿನಾಲ್ಕು ವರ್ಷದಲ್ಲಿ ಗಂಡ ಒಂದು ಮೊಳ ಮಲ್ಲಿಗೆ ತಂದವನಲ್ಲ. ಒಳಗೊಳಗೆ ಇಷ್ಟು ಪ್ರೀತಿಯೇ! ತಾನೇ ಫೋನು ಇಸಿದುಕೊಂಡು, "ಇಪ್ಪತ್ತೆರಡು, ಸೊನ್ನಿ ಐದು" ಎನ್ನುತ್ತ ನಾಚಿ ನಾಚಿ ಒತ್ತಿದಳು.

ತಪ್ಪು. ಪಾವತಿ ಬಂದ್ ಆಯಿತು.

ಪರಿಮಳಾ ಸೀರೆ ಮಡಚಿ ನಯೀಮನ ಮುಂದಿಟ್ಟಳು.

"ಹಂಗಾದ್ರ ಆ ಖುಷಿ ದಿನ ಯಾವುದು? ಯಾರ್ರಿ ಅಕಿ?"

ಭೀಮರಾಯನಿಗೆ ಬೆವರು ಕಿತ್ತುಕೊಂಡಿತು. ಭಯಕ್ಕೆ ಮರೆತದ್ದೆಲ್ಲ ನೆನಪಾಗುತ್ತದೆ.

"ನೆನಪಾತು! ಅಕಿ ಪಕಿ ಯಾರೂ ಇಲ್ಲ ಮಾರಾಯ್ತಿ, ಅದು ಮೋಟರ್ ಸೈಕಲ್ ತಂದ ದಿನ!"

ಗೆದ್ದೆ ಎಂದುಕೊಂಡು ನಕ್ಕ. ಪರಿಮಳಾ ನಗಲಿಲ್ಲ. ಅನ್ವರಬಿಯ ಕೈ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ತಿರುಗಿದಳು.

"ನಾ ತವರಮನಿಗಿ ಹೊಂಟೀನಿ. ಇನ್ನ ಮ್ಯಾಲ ನಿಮಗ ರೊಟ್ಟಿ ಆ ಮೋಟರ್ ಸೈಕಲ್ಲೇ ಬಡದು ಹಾಕ್ತದ, ಹೋಗ್ರಿ!"