ಬೆಳ್ಳಿಯಪ್ಪನವರ ವಿಮಾನದ ಕರಕರ

ರಿಪೇರಿ ಮಾಡುವವರಲ್ಲಿ ಎರಡು ಬಗೆ. ಏನು ಕೆಟ್ಟಿತ್ತು, ಯಾಕೆ ಕೆಟ್ಟಿತ್ತು, ಹೇಗೆ ಸರಿಹೋಯಿತು ಎಂದು ಬಲ್ಲವರದು ಒಂದು ಬಗೆ. ತಾವು ಪಕ್ಕದಲ್ಲಿದ್ದಾಗ ವಸ್ತು ತಾನಾಗಿ ಸರಿಹೋಯಿತೆಂಬ ಕಾರಣಕ್ಕೆ ಹೆಸರು ಗಳಿಸಿದವರದು ಇನ್ನೊಂದು. ನಾನು ಎರಡನೆಯವನು. ದೇಶದ ರಾಜಧಾನಿಯಲ್ಲಿ, ಓಖ್ಲಾದ ಒಂದು ಅಚ್ಚುಕೂಟದಲ್ಲಿ ಪುಟ ಜೋಡಿಸುವುದು ನನ್ನ ಕಸುಬು. ಬಿಡುವಿನಲ್ಲಿ ರೇಡಿಯೊ ಬಿಚ್ಚುವುದು ಚಟ. ಒಮ್ಮೆ ಬೆಳ್ಳಿಯಪ್ಪನವರ ಮನೆಗೆ ಹೋಗಿದ್ದಾಗ, ಫ್ರಿಜ್ ಶುರುವಾದೊಡನೆ ಟಿ.ವಿ.ಯಲ್ಲಿ ಗೆರೆ ಬರುವ ರೋಗವನ್ನು ನಾನು ವಾಸಿ ಮಾಡಿದೆ. ಆ ದಿನವೇ ಅವರ ಫ್ರಿಜ್ ಕೆಟ್ಟು ನಿಂತಿತ್ತೆಂದು ನನ್ನ ಹೆಂಡತಿ ಹೇಳುತ್ತಾಳೆ. ನನಗೆ ಗೆರೆ ಮಾಯವಾದದ್ದು ನೆನಪಿದೆ, ಫ್ರಿಜ್ಜಿನದು ನೆನಪಿಲ್ಲ. ನೆನಪು ತನಗೆ ಬೇಕಾದದ್ದನ್ನಷ್ಟೇ ತೊಳೆದು ಇಸ್ತ್ರಿ ಮಾಡಿ ಇಡುತ್ತದೆ. ಆದ್ದರಿಂದ ಮುಂದಿನದನ್ನೂ ಕೊಂಚ ಅನುಮಾನದಿಂದಲೇ ಓದಿಕೊಳ್ಳಿ.

ಬೆಳ್ಳಿಯಪ್ಪನವರು ಕೊಡಗಿನವರು, ವಾಯುಪಡೆಯಿಂದ ನಿವೃತ್ತರಾದ ಪೈಲಟ್. ನಿವೃತ್ತರು ಗುಲಾಬಿ ಬೆಳೆಸುತ್ತಾರೆ, ಕಾಲೊನಿಯ ಸಂಘದಲ್ಲಿ ಜಗಳವಾಡುತ್ತಾರೆ. ಇವರು ಜನಕಪುರಿಯ ತಮ್ಮ ನೆಲಮಹಡಿಯಲ್ಲಿ ವಿಮಾನ ಕಟ್ಟಲು ಕೂತರು. ಬಿಡಿಭಾಗಗಳ ಪೆಟ್ಟಿಗೆ ತರಿಸಿಕೊಂಡು ಮನೆಯಲ್ಲೇ ಜೋಡಿಸುವ, ಇಬ್ಬರು ಕೂರುವ ಪುಟ್ಟ ಅಲ್ಯೂಮಿನಿಯಂ ವಿಮಾನ. ಹಲವು ಚಳಿಗಾಲಗಳ ಕಾಲ ಅವರ ಹಜಾರದಲ್ಲಿ ಒಂದು ರೆಕ್ಕೆ ಗೋಡೆಗೊರಗಿ ನಿಂತಿತ್ತು. ಬಂದ ನೆಂಟರು ಅದರ ಕೆಳಗೆ ಬಗ್ಗಿ ನಡೆದು ಸೋಫಾ ಸೇರಬೇಕಾಗಿತ್ತು. ಕೊನೆಗೆ ಅದನ್ನೆಲ್ಲ ಟೆಂಪೋಗೆ ಏರಿಸಿ, ಮೆಟ್ರೋಗಾಗಿ ಅಗೆದಿಟ್ಟ ರಸ್ತೆಗಳನ್ನು ಸುತ್ತಿಬಳಸಿ, ಗುಡ್‌ಗಾಂವ್ ದಾಟಿ ಯಾರದೋ ಫಾರ್ಮಿನ ಪಕ್ಕದ ಖಾಸಗಿ ರನ್‌ವೇಗೆ ಸಾಗಿಸಿದೆವು. ಟೆಂಪೋ ಡ್ರೈವರ್ ರೆಕ್ಕೆಯನ್ನು ಬೆರಳಿನಿಂದ ಟಣ್ಣೆಂದು ಬಡಿದು, ಇದು ನಿಜವಾಗಿ ಹಾರುವುದೇ ಎಂಬ ಅನುಮಾನದಿಂದ, “ಸಾಬ್, ಯೇ ಸಚ್‌ಮುಚ್ ಉಡೇಗಾ?” ಎಂದ. “ಉಡೇಗಾ ಭಯ್ಯಾ, ಮೇಡಂ ಹಾಂ ಬೋಲೇ ತೋ,” ಎಂದರು ಬೆಳ್ಳಿಯಪ್ಪ.

ಮೇಡಂ ಎಂದರೆ ಅವರ ಹೆಂಡತಿ ಮುತ್ತಮ್ಮ. ಸರ್ಕಾರದ ಕಾಗದಪತ್ರಗಳೆಲ್ಲ ಮುಗಿದಿದ್ದವು. ಮುತ್ತಮ್ಮನವರ ಅನುಮತಿ ಮಾತ್ರ ಬಾಕಿ. ಅವರ ಷರತ್ತು ಒಂದೇ. “ಸರ್ವಿಸ್‌ನಲ್ಲಿ ಇದ್ದಷ್ಟೂ ವರ್ಷ ಕ್ವಾರ್ಟರ್ಸ್‌ನಲ್ಲಿ ಕೂತು ಬಾಗಿಲು ನೋಡಿದ್ದೀನಿ. ಜೀಪ್ ಶಬ್ದ ಆದ್ರೆ ಏನು ಸುದ್ದಿ ತಂತೋ ಅಂತ ಎದೆ ಧಸಕ್ ಅನ್ನೋದು. ಇನ್ನು ಆಗಲ್ಲ. ನಾನು ಕೆಳಗಿಂದ ಕರೆದ್ರೆ ನಿಮಗೆ ಕೇಳಬೇಕು, ನೀವು ಓ ಅಂದ್ರೆ ನನಗೆ ಕೇಳಬೇಕು. ಇಲ್ದಿದ್ರೆ ರೆಕ್ಕೆ ವಾಪಸ್ ಹಜಾರಕ್ಕೆ.” ಹೀಗೆ ಹೇಳುವಾಗ ಅವರು ನಗುತ್ತಿರಲಿಲ್ಲ. ಬೆಳ್ಳಿಯಪ್ಪನವರೂ ತಮಾಷೆ ಮಾಡಲಿಲ್ಲ. ವಿಮಾನದಲ್ಲಿ ರೇಡಿಯೊ ಕೂರಿಸಿ, ಮುತ್ತಮ್ಮನವರ ಕೈಗೊಂದು ಕೈರೇಡಿಯೊ ಕೊಟ್ಟರು. ಒಂದೇ ಗುಂಡಿ: ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು.

ಮೊದಲ ಪರೀಕ್ಷೆ ನಡೆದದ್ದು ನೆಲದ ಮೇಲೆಯೇ. ಸುತ್ತಲೂ ಸಾಸಿವೆ ಹೂ ಬಿಟ್ಟಿತ್ತೆಂದು ನನಗೆ ನೆನಪು, ಹಾಗಾದರೆ ಚಳಿಗಾಲ. ಅಂಗಿ ಬೆವರಿ ಬೆನ್ನಿಗಂಟಿದ್ದೂ ನೆನಪಿದೆ, ಹಾಗಾದರೆ ಅಲ್ಲ. ಎರಡರಲ್ಲಿ ಯಾವುದನ್ನು ಬಿಡಲೂ ಮನಸ್ಸಿಲ್ಲ, ಎರಡೂ ಇರಲಿ. ಎಂಜಿನ್ ಶುರುವಾಯಿತು. ಮುತ್ತಮ್ಮ ಗುಂಡಿ ಒತ್ತಿ, “ಮಧ್ಯಾಹ್ನ ಊಟಕ್ಕೆ ಏನು ಮಾಡ್ಲಿ?” ಎಂದರು. ವಿಮಾನದೊಳಗಿಂದ ಬೆಳ್ಳಿಯಪ್ಪನವರ ಉತ್ತರ ಬಂತು: “ಗಾಳಿ ಪಶ್ಚಿಮದಿಂದ ಬರ್ತಿದೆ, ಓವರ್.” ಮುತ್ತಮ್ಮ ನನ್ನ ಕಡೆ ನೋಡಿದರು. ನಾನು ಓಡಿಹೋಗಿ ಪಕ್ಕದ ಸೀಟು ಹತ್ತಿ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡೆ. ಕಿವಿಯೊಳಗೆ ಯಾರೋ ಹಪ್ಪಳ ಕರಿಯುತ್ತಿದ್ದರು. ಆ ಕರಕರದ ಹಿಂದೆ ಎಲ್ಲೋ ಬಹು ದೂರದಲ್ಲಿ ಮುತ್ತಮ್ಮನವರು ಊಟದ ಮಾತಾಡುತ್ತಿದ್ದರು.

ಇಂಥ ಕಿರಿಕಿರಿಯನ್ನು ಹುಡುಕುವುದಕ್ಕೆ ಒಂದು ಕ್ರಮವಿದೆ, ಮತ್ತು ಬೆಳ್ಳಿಯಪ್ಪನವರು ಕ್ರಮದ ಮನುಷ್ಯ. ಎಲ್ಲ ಉಪಕರಣ ಹಾಕಿ, ಒಂದೊಂದಾಗಿ ಆರಿಸುತ್ತ ಬಂದರು. ರೆಕ್ಕೆಯ ಮಿಣುಕು ದೀಪ ಆರಿಸಿದರು, ಕರಕರ ಹಾಗೇ ಇತ್ತು. ಜಿ.ಪಿ.ಎಸ್. ಆರಿಸಿದರು, ಹಾಗೇ ಇತ್ತು. ಎಂಜಿನ್ನಿನ ಶಾಖ, ಎಣ್ಣೆಯ ಒತ್ತಡ ಎಲ್ಲವನ್ನೂ ಅಂಕಿಗಳಲ್ಲಿ ತೋರಿಸುವ ಹೊಸ ಎಲೆಕ್ಟ್ರಾನಿಕ್ ಮಾನಿಟರ್ ಆರಿಸಿದರು. ಹಪ್ಪಳ ಕರಿಯುವುದು ಥಟ್ಟನೆ ನಿಂತಿತು. ಕಳ್ಳ ಸಿಕ್ಕಿದ. ಆದರೆ ಮಾನಿಟರ್ ಇಲ್ಲದೆ ಹಾರುವಂತಿಲ್ಲ, ಎಂಜಿನ್ ಕಾದು ಕೆಂಡವಾದರೂ ತಿಳಿಯುವುದಿಲ್ಲ. ಅದನ್ನೂ ರೇಡಿಯೊವನ್ನೂ ಒಂದೇ ಕರೆಂಟು ಮೀಟರಿನ ಇಬ್ಬರು ಬಾಡಿಗೆದಾರರಂತೆ ಹೇಗೋ ಒಗ್ಗಿಸಬೇಕಿತ್ತು. ಆಂಟೆನಾದ ತಂತಿ ಕಳಚಿದಾಗಲೂ ಕರಕರ ನಿಲ್ಲುತ್ತಿತ್ತಾದ್ದರಿಂದ, ಅದು ಆಂಟೆನಾದ ದಾರಿಯಲ್ಲೇ ಒಳಬರುತ್ತಿದೆಯೆಂಬುದೂ ಗೊತ್ತಾಯಿತು.

“ಒಂದು ಸಲಕ್ಕೆ ಒಂದೇ ಬದಲಾವಣೆ,” ಎಂದರು ಬೆಳ್ಳಿಯಪ್ಪ. “ಮಾಡೋದು, ಕೇಳೋದು, ಆಮೇಲೆ ಮುಂದಿನದು. ಅರ್ಥ ಆಯ್ತೇನಯ್ಯಾ ಮೂರ್ತಿ?”

“ಆಯ್ತು ಸರ್,” ಎಂದೆ. ಅರ್ಥವಾಗಿತ್ತು ಕೂಡ. ಅರ್ಥವಾದದ್ದನ್ನು ಪಾಲಿಸುವ ತಾಳ್ಮೆ ಮಾತ್ರ ನನ್ನಲ್ಲಿಲ್ಲ. ಪುಟ ಜೋಡಿಸುವಾಗಲೂ ನಾನು ಅಕ್ಷರ, ಅಂಚು, ಚಿತ್ರ ಮೂರನ್ನೂ ಒಟ್ಟಿಗೇ ಎಳೆದಾಡುವವನು. ಬೆಳ್ಳಿಯಪ್ಪನವರು ಟೀ ಕುಡಿಯಲು ಫಾರ್ಮಿನ ಚೌಕೀದಾರನ ಗುಡಿಸಿಲಿಗೆ ಹೋದರು. ನಾನು ಆಂಟೆನಾದ ತಂತಿಯನ್ನು ಮಾನಿಟರಿನ ತಂತಿಗಳ ಸಹವಾಸ ಬಿಡಿಸಿ ಇನ್ನೊಂದು ಪಕ್ಕಕ್ಕೆ ಕಟ್ಟಿದೆ. ಮಾನಿಟರಿನ ತಂತಿಗೆ, ಇಂಥ ಗಲಾಟೆ ಹೀರುವ ಕಪ್ಪು ಉಂಗುರವೊಂದನ್ನು ತೊಡಿಸಿದೆ. ಅಷ್ಟಕ್ಕೇ ನಿಲ್ಲದೆ ಆಂಟೆನಾವನ್ನೇ ಬುಡದಿಂದ ಬಿಚ್ಚಿದೆ. ಬಿಚ್ಚಿದವನು ಹಾಗೇ ನಿಂತೆ. ಆಂಟೆನಾದ ಪಾದಕ್ಕೂ ವಿಮಾನದ ಮೈಗೂ ನಡುವೆ, ಲೋಹಕ್ಕೆ ಲೋಹ ಕಚ್ಚಿ ಕೂರಬೇಕಾದ ಜಾಗದಲ್ಲಿ, ಒಣಗಿ ಬಿರುಕು ಬಿಟ್ಟ ಗಂಧ ಮತ್ತು ಅರಿಸಿನ.

ಅದು ಆಯುಧಪೂಜೆಯ ಪ್ರಸಾದ. ಬೆಳ್ಳಿಯಪ್ಪನವರಿಗೆ ಕೋವಿ ಬಿಚ್ಚಿ ಪೂಜೆಗಿಡುವ ಅಭ್ಯಾಸ. ಆ ಹಬ್ಬಕ್ಕೆ ವಿಮಾನದ ಬಿಡಿಭಾಗಗಳನ್ನೂ ಹಾಗೆಯೇ ಹಜಾರದಲ್ಲಿ ಬಿಳಿ ಹಾಸಿನ ಮೇಲೆ ಸಾಲಾಗಿ ಹರಡಿದ್ದರು. ಜೋಡಿಸಿದ ವಿಮಾನಕ್ಕಾದರೆ ಮೂತಿಗೊಂದು ಬೊಟ್ಟಿಟ್ಟು ಕೈಮುಗಿಯಬಹುದಿತ್ತು. ಬಿಡಿಯಾಗಿದ್ದುದರಿಂದ ಯಾರಿಗೂ ಬೇಸರವಾಗಬಾರದೆಂದು ಪ್ರತಿ ಭಾಗಕ್ಕೂ ಬೊಟ್ಟು ಬಿತ್ತು. ಆಂಟೆನಾದ ಪಾದಕ್ಕೆ, ಪಾದವಾದ್ದರಿಂದ, ಭಕ್ತಿ ಸ್ವಲ್ಪ ಹೆಚ್ಚಾಗಿಯೇ ಬಿದ್ದಿರಬೇಕು. ಬಳಿದವರು ಯಾರೆಂದು ಈಗ ಮೂವರೂ ಮೂರು ರೀತಿ ಹೇಳುತ್ತೇವೆ. ನಾನು ಅದನ್ನು ಕೆರೆದು, ಮರಳು ಕಾಗದದಿಂದ ಉಜ್ಜಿ, ಆಂಟೆನಾ ಮತ್ತೆ ಕೂರಿಸಿದೆ. ಬೆಳ್ಳಿಯಪ್ಪನವರು ಮರಳಿ ಬಂದು ಎಂಜಿನ್ನೂ ಮಾನಿಟರೂ ಹಾಕಿ ಕೇಳಿದರೆ ಕರಕರ ಇಲ್ಲ. ಮುತ್ತಮ್ಮ ಬಿಸ್ಕತ್ತು ಕಚ್ಚಿದ ಶಬ್ದ ಕೂಡ ಕೇಳಿಸುತ್ತಿತ್ತು.

“ಯಾವುದರಿಂದ ಹೋಯ್ತು?” ಎಂದರು ಬೆಳ್ಳಿಯಪ್ಪ.

“ಮೂರರಲ್ಲಿ ಒಂದರಿಂದ ಸರ್.”

“ಮೂರು? ಮೂರೂ ಒಟ್ಟಿಗೆ ಮಾಡಿದ್ಯಾ? ನಿನ್ನಂಥವನನ್ನ ನಮ್ಮ ಹ್ಯಾಂಗರಿನ ಗೇಟು ದಾಟೋಕೂ ಬಿಡ್ತಿರಲಿಲ್ಲ ಮಾರಾಯ! ಎಲ್ಲಾ ವಾಪಸ್ ಬಿಚ್ಚು. ಒಂದೊಂದಾಗಿ ನೋಡೋಣ.”

“ಗಂಧ ವಾಪಸ್ ಹಚ್ಚೋದಾ ಸರ್?”

ಮುತ್ತಮ್ಮ ನಡುವೆ ಬಂದರು. “ಕೇಳ್ತಿದೆ ಅಲ್ವಾ? ಚಲೋ, ಇನ್ನು ಯಾರೂ ಅದನ್ನ ಮುಟ್ಟಬೇಡಿ. ಹಾರೋದಾದ್ರೆ ಈಗಲೇ ಹಾರಿ, ನನ್ನ ಧೈರ್ಯ ಇರೋವಾಗ.”

ಬೆಳ್ಳಿಯಪ್ಪನವರು ವಿಮಾನ ಏರಿದರು. ವರ್ಷಗಟ್ಟಲೆ ಹಜಾರದಲ್ಲಿ ದಾರಿಗಡ್ಡವಾಗಿ ನಿಂತಿದ್ದ ಆ ತಗಡು ರನ್‌ವೇಯ ಮೇಲೆ ಕುಣಿದು, ಓಡಿ, ಒಂದು ಕಡೆ ನೆಲವನ್ನು ಮರೆತೇ ಬಿಟ್ಟಿತು. ನಾನು ಕೂಗಿದೆನೆಂದು ಕಾಣುತ್ತದೆ. ಮುತ್ತಮ್ಮ ಕೂಗಲಿಲ್ಲ. ಕೈರೇಡಿಯೊ ಎತ್ತಿ, “ರೀ, ಕೇಳ್ತಿದೆಯಾ?” ಎಂದರು. “ಓ,” ಎಂದಿತು ಆಕಾಶ. ಅವರ ಭುಜ ಒಂದಿಷ್ಟು ಕೆಳಗಿಳಿಯಿತು. ದನಿ ಕೊಂಚ ಸಣ್ಣದಾಗಿದೆ, ಸರಿಮಾಡಿ ಕೊಡುತ್ತೇನೆಂದು ನಾನು ಅವರ ಕೈಯಿಂದ ರೇಡಿಯೊ ಇಸಿದುಕೊಂಡೆ.

ಆಮೇಲೆ ಏನೂ ಕೇಳಲಿಲ್ಲ. ವಿಮಾನ ಸಾಸಿವೆ ಹೊಲದ ಮೇಲೆ ದೊಡ್ಡ ಸುತ್ತು ಹಾಕುತ್ತಿತ್ತು, ರೇಡಿಯೊ ಮೂಕವಾಗಿತ್ತು. ಮುತ್ತಮ್ಮ, “ಯಾಕೆ ಮಾತಿಲ್ಲ? ಮೂರ್ತಿ, ಯಾಕೆ ಮಾತಿಲ್ಲ?” ಎಂದು ನನ್ನ ತೋಳು ಹಿಡಿದರು. ನಾನು ಬಡಬಡಿಸತೊಡಗಿದೆ. “ಮುತ್ತಮ್ಮನವರೇ, ನಿಜ ಹೇಳ್ತೀನಿ, ಆ ಕರಕರ ಹೇಗೆ ಹೋಯ್ತೋ ನನಗೆ ಗೊತ್ತಿಲ್ಲ. ಉಂಗುರ ಸರಿಯಾಗಿ ಕೂತಿದೆಯೋ ಇಲ್ಲವೋ ಗೊತ್ತಿಲ್ಲ. ಆಂಟೆನಾದ ಸ್ಕ್ರೂ ಬಿಗಿ ಮಾಡಿದ ಹಾಗೆ ನೆನಪು, ಆದರೆ ನನ್ನ ನೆನಪನ್ನ ನಾನೇ ನಂಬಲ್ಲ. ಸರ್ ಹೇಳಿದ ಹಾಗೆ ಕೇಳಬೇಕಿತ್ತು. ಅವರಿಗೆ ಹೇಳಬೇಡಿ, ಆ ಟಿ.ವಿ. ಕೂಡ ನಾನು ರಿಪೇರಿ ಮಾಡಿದ್ದಲ್ಲ ಅನ್ಸುತ್ತೆ...”

ಮುತ್ತಮ್ಮ ನನ್ನ ಮುಖ ಬಿಟ್ಟು ಕೈ ನೋಡಿದರು. ಭಯದಲ್ಲಿ ನಾನು ರೇಡಿಯೊವನ್ನು ಬಸ್ಸಿನ ಕಂಬಿಯಂತೆ ಅವುಚಿ ಹಿಡಿದಿದ್ದೆ. ಹೆಬ್ಬೆರಳು ಗುಂಡಿಯ ಮೇಲೆ, ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಕೂತಿತ್ತು. ಅವರು, ಮಗುವಿನ ಕೈಯಿಂದ ಚಾಕು ಬಿಡಿಸುವಂತೆ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಗುಂಡಿ ಮೇಲೆದ್ದ ಕ್ಷಣವೇ ಬೆಳ್ಳಿಯಪ್ಪನವರ ದನಿ, ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು:

“ಮುತ್ತು, ನಾನು ಚೆನ್ನಾಗಿದ್ದೀನಿ. ಎಂಜಿನ್ ಚೆನ್ನಾಗಿದೆ. ರೇಡಿಯೊ ಅಂತೂ ಫಸ್ಟ್ ಕ್ಲಾಸ್, ಒಂದು ಚೂರೂ ಕರಕರ ಇಲ್ಲ. ಮೂರ್ತಿ ಹೇಳಿದ್ದರಲ್ಲಿ ಒಂದಕ್ಷರ ಬಿಡದ ಹಾಗೆ ಕೇಳಿಸ್ತು. ಇಳಿದ ಮೇಲೆ ಟಿ.ವಿ. ವಿಷಯ ಮಾತಾಡೋಣ ಅಂತ ಅವನಿಗೆ ಹೇಳು. ಓವರ್.”